ಗಿಣ್ಣದ ತಿಳಿಯಲ್ಲಿ ಇದ್ದಲಿ ಚೂರು

"ನೋಡ್ರಿ ಬೀಗ್ರ, ನಿಮ್ಮ ಕಣ್ಣ ಮುಂದನ ಗಟ್ಟಿ ಆತು!"

ಶಂಕ್ರೆಪ್ಪ ಚಮಚವನ್ನು ಭರಮಪ್ಪನ ಮೂಗಿನ ತನಕ ತಂದು ಹಿಡಿದ. ಅರೆಗಳಿಗೆಯ ಹಿಂದೆ ಅದರಲ್ಲಿ ಇದ್ದದ್ದು ಎಳೆಹಳದಿ ಬಣ್ಣದ ತಿಳಿನೀರು. ಸ್ಪಿರಿಟ್ ದೀಪದ ಉರಿ ತಾಕಿದ್ದೇ ತಡ, ಬೆಂದ ತತ್ತಿಯ ಬಿಳಿಯ ಹಾಗೆ ಮುದ್ದೆಗಟ್ಟಿತ್ತು.

"ಇದು ನೆತ್ತರದ ತಿಳಿ. ಎಳೆಗರುವಿನ ನೆತ್ತರ. ಕಾಸಿದರ ಹಿಂಗ ಗಟ್ಟಿ ಆಗತೈತಿ ಅಂತ ಡಾಕ್ಟರ್ ರಾಮಲಿಂಗಪ್ಪನ ನನಗ ಹೇಳಿದ್ದ. ಇನ್ನೇನು ಸಾಕ್ಷಿ ಬೇಕ್ರಿ ನಿಮಗ?"

ಭರಮಪ್ಪ ಸ್ಟೂಲು ಎಳೆದುಕೊಂಡು ಕೂತ. ಪೊಲೀಸ್ ಫೌಜದಾರಿಕೆಯಿಂದ ನಿವೃತ್ತನಾಗಿ ಮೂರು ವರ್ಷ. ಮಗಳು ಕೃಷ್ಣವ್ವ ರಾಮದುರ್ಗದ ಗಂಡನ ಮನೆಯಲ್ಲಿ ಸ್ಟೋವು ಸಿಡಿದು ತೀರಿಹೋಗಿ ಐದು ತಿಂಗಳು. ಅಂದಿನಿಂದ ಅವನಿಗೆ ನಿಂತರೂ ದಣಿವು, ಕೂತರೂ ದಣಿವು. ಬೆಳಗಿನ ಲಿಂಗಪೂಜೆಯೂ ಅರ್ಧಕ್ಕೇ ನಿಲ್ಲುತ್ತಿತ್ತು.

'ಬೀಗ್ರ' ಎಂಬ ಮಾತೂ ಈಗ ಚುಚ್ಚುತ್ತಿತ್ತು. ಶಂಕ್ರೆಪ್ಪ ಅಳಿಯನ ಸ್ವಂತ ಚಿಕ್ಕಪ್ಪ. ಬೈಲಹೊಂಗಲದ ಈ ಧರ್ಮಾಸ್ಪತ್ರೆಗೆ ಕಾರ್ಯದರ್ಶಿ. ಮದುವೆಯ ಮಾತುಕತೆ ಮುಗಿಸಿದವನೂ ಅವನೇ. ಮಗಳೇ ಇಲ್ಲದ ಮೇಲೆ ಎಲ್ಲಿಯ ಬೀಗತನ? ಆದರೂ ಅವನು ಕರೆಯುತ್ತಿದ್ದ, ಇವನು ಓಗೊಡುತ್ತಿದ್ದ.

ಆಸ್ಪತ್ರೆಯ ಹಿಂದಿನ ಈ ಕೋಣೆಯನ್ನು ಡಾಕ್ಟರ್ ರಾಮಲಿಂಗಪ್ಪನಿಗೆ ಕೊಡುವಾಗ ಆಸ್ಪತ್ರೆ ನಡೆಸುವ ಹಿರಿಯರು ಒಂದೇ ಕರಾರು ಹಾಕಿದ್ದರು. ಪ್ರಾಣಿಯ ನೆತ್ತರು ಒಂದು ಹನಿಯೂ ಈ ಹೊಸ್ತಿಲು ದಾಟಬಾರದು. ಡಾಕ್ಟರನಿಗೂ ಅದೇ ಬೇಕಿತ್ತು. ಸುಟ್ಟು ಬಂದವರ ಮೈಯಿಂದ ಜೋಳದ ಕಾಳಿನಷ್ಟು ಒಳ್ಳೆಯ ಚರ್ಮ ತೆಗೆದು, ಅದರ ಜೀವಕಣಗಳನ್ನು ಗಾಜಿನ ಬಾಟಲಿಯಲ್ಲಿ ಬೆಳೆಸಿ, ಎಂದಾದರೊಂದು ದಿನ ಅವರ ಗಾಯಕ್ಕೇ ಹೊದಿಸಬೇಕು ಎಂಬುದು ಅವನ ಹಟ. ಜಗತ್ತಿನಲ್ಲೆಲ್ಲ ಆ ಕಣಗಳಿಗೆ ಆಹಾರವೆಂದು ಹಾಕುವುದು ಹುಟ್ಟದ ಕರುವಿನ ನೆತ್ತರ ತಿಳಿಯನ್ನು. ಒಂದು ಜೀವ ತೆಗೆದು ಇನ್ನೊಂದರ ತೊಗಲು ಬೆಳೆಸುವುದು ತನ್ನಿಂದ ಆಗದು ಎಂದು ಅವನು ಕೊರಳ ಲಿಂಗ ಮುಟ್ಟಿ ಹೇಳಿದ್ದ.

ಮೂರು ವಾರದ ಹಿಂದೆ ಆ ಡಾಕ್ಟರ ಎದೆ ಹಿಡಿದುಕೊಂಡು ಇದೇ ಮೇಜಿನ ಮೇಲೆ ಕುಸಿದು ತೀರಿಕೊಂಡ. ಮರುದಿನವೇ ಶಂಕ್ರೆಪ್ಪ ಅವನ ಬಾಟಲಿಗಳನ್ನೆಲ್ಲ ಹಂಡೆಯಲ್ಲಿ ಕುದಿಸಿ ಚೆಲ್ಲಿಸಿದ. ಉಳಿದದ್ದು ಒಂದು ಸೂಕ್ಷ್ಮದರ್ಶಕ, ಒಂದು ಫ್ರಿಜ್ಜು, ಗಾಜು ತೊಳೆಯಲು ಖೈರುನಬಿ. ನಿನ್ನೆ ಫ್ರಿಜ್ಜಿನ ಮೂಲೆಯಲ್ಲಿ ಈ ಹಳದಿ ತಿಳಿಯ ಶೀಸೆ ಸಿಕ್ಕಿತು.

"ಒಳಗ ಬಾ ಬೇ," ಎಂದು ಶಂಕ್ರೆಪ್ಪ ಬಾಗಿಲ ಕಡೆ ಕೂಗಿದ.

ಖೈರುನಬಿ ಬಂದು ನಿಂತಳು. ಮೂವತ್ತೈದರ ವಿಧವೆ, ನೀಟಾಗಿ ತಲೆಮೇಲೆ ಸೆರಗು. ಎಡಗೈ ಸೊಂಟದ ಮೇಲಿತ್ತು. ಅದನ್ನು ಅವಳು ಅಲ್ಲಿಂದ ತೆಗೆಯಲಿಲ್ಲ.

"ಈ ಶೀಸೆ ಎಲ್ಲಿಂದ ಬಂತವ್ವಾ?" ಎಂದು ಭರಮಪ್ಪ ಕೇಳಿದ.

"ಗೊತ್ತಿಲ್ರಿ ಸಾಹೇಬ್ರ."

"ಹೆಂಗ ಗೊತ್ತಿರತೈತಿ! ಕಸಾಯಿ ಓಣಿಯಾಗ ಮನಿ, ಕೈಯಾಗ ಫ್ರಿಜ್ಜಿನ ಚಾವಿ," ಎಂದ ಶಂಕ್ರೆಪ್ಪ.

ಅವಳು ತಲೆ ಎತ್ತಿದಳು. "ನಮ್ಮಪ್ಪ ಟಾಂಗಾ ಹೊಡೀತಿದ್ದಾರಿ. ನಮ್ಮ ಓಣಿಯಾಗ ಕಸಾಯಿ ಇರೂದು ಒಬ್ಬಾಂವ, ಟಾಂಗಾದವರು ಹನ್ನೊಂದು ಮಂದಿ. ಆದರ ಯಾರೂ ಟಾಂಗಾದವರ ಓಣಿ ಅನ್ನೂದಿಲ್ಲ ನೋಡ್ರಿ."

"ಮಾತಿಗೇನು ಕಡಿಮಿ ಇಲ್ಲ. ಸಂಜೀಕ ಠಾಣೇದಾಗ ಆಡು, ಕೇಳತಾರ." ಶಂಕ್ರೆಪ್ಪ ಭರಮಪ್ಪನತ್ತ ತಿರುಗಿದ. "ಐದು ಗಂಟೇಕ ಹಿರಿಯರು ಕೂಡತಾರ. ಅಷ್ಟರಾಗ ನೀವು ನೋಡಿದ್ದನ್ನ ಎರಡು ಸಾಲು ಬರದು ಒಂದು ಸಹಿ ಹಾಕಿಬಿಡ್ರಿ. ನಿವೃತ್ತ ಫೌಜದಾರರ ಸಹಿ ಅಂದರ ಊರಾಗ ಯಾರೂ ಪ್ರಶ್ನಿ ಮಾಡೂದಿಲ್ಲ."

ಅವನು ಹೋದ ಮೇಲೂ ಖೈರುನಬಿ ನಿಂತೇ ಇದ್ದಳು. ನೆಲದ ಮೇಲೆ ಒಂದು ಗಾಜಿನ ಕಡ್ಡಿ ಬಿದ್ದಿತ್ತು. ಅದನ್ನು ಎತ್ತಲು ಅವಳು ಬಗ್ಗಲಿಲ್ಲ. ಬೆನ್ನು ನೆಟ್ಟಗೆ ಇಟ್ಟುಕೊಂಡೇ ಮೆಲ್ಲಗೆ ಕುಕ್ಕರಗಾಲಲ್ಲಿ ಇಳಿದು, ಎತ್ತಿಕೊಂಡು, ಮೆಲ್ಲಗೆ ಎದ್ದಳು. ಸೊಂಟನೋವಿರಬೇಕು ಎಂದುಕೊಂಡ ಭರಮಪ್ಪ. ದಣಿದವನಿಗೆ ಲೋಕವೆಲ್ಲ ದಣಿದ ಹಾಗೆ ಕಾಣುತ್ತದೆ.

ಕಾಗದ ಮುಂದೆ ಇತ್ತು. ಬರೆದು ಮುಗಿಸಿ ಮನೆಗೆ ಹೋಗಿ ಮಲಗಬಹುದಿತ್ತು.

ಹಳೆಯ ಅಭ್ಯಾಸ ಬಿಡಲಿಲ್ಲ. ಶೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ತಿಳಿಯ ತಳದಲ್ಲಿ ಎಳ್ಳಿನ ಕಾಳಿಗಿಂತ ತುಸು ದೊಡ್ಡದಾದ ಒಂದು ಕರಿ ಚೂರು ಕೂತಿತ್ತು. ಕಡ್ಡಿಯಿಂದ ಮೇಲೆತ್ತಿ ಹೆಬ್ಬೆರಳಿನ ಮೇಲೆ ತಿಕ್ಕಿದ. ಕಪ್ಪು ಗೆರೆ ಎಳೆಯಿತು.

ಇದ್ದಲಿ.

ಭರಮಪ್ಪ ಆ ಗೆರೆಯನ್ನು ಬಹಳ ಹೊತ್ತು ನೋಡಿದ. ಅವನ ಹೆಂಡತಿ ಮರೆವ್ವ ನೆರೆಮನೆಗೆ ಒಂದು ಬಟ್ಟಲು ಮೊಸರು ಕೊಟ್ಟು ಕಳಿಸಿದರೂ ಒಲೆಯಿಂದ ಇದ್ದಲಿ ಚೂರು ಮುರಿದು ಅದರಲ್ಲಿ ಹಾಕುತ್ತಿದ್ದಳು. ಹಾಲಿನ ಜಾತಿಯದು ಹೊಸ್ತಿಲು ದಾಟುವಾಗ ಯಾರ ಕಣ್ಣೂ ತಾಕಬಾರದೆಂದು. ಇಲ್ಲವಾದರೆ ಆಕಳ ಕೆಚ್ಚಲು ಬತ್ತುತ್ತದೆ ಎಂದು.

ನೆತ್ತರಿಗೆ ಯಾರು ದೃಷ್ಟಿ ತೆಗೆಯುತ್ತಾರೆ? ಈ ಸೀಮೆಯಲ್ಲಿ ಯಾವ ಹೆಣ್ಣುಮಗಳೂ ನೆತ್ತರಿನ ಶೀಸೆಗೆ ಇದ್ದಲಿ ಹಾಕಲಾರಳು. ಹಾಕಿದವಳು ಇದನ್ನು ಹಾಲೆಂದೇ ತಿಳಿದವಳು.

ಕಾಸಿದರೆ ಗಟ್ಟಿಯಾಗುವ ಹಾಲು ಯಾವುದು? ಅಡುಗೆಮನೆಯ ಮುಖ ನೋಡಿದ ಯಾರನ್ನು ಕೇಳಿದರೂ ಹೇಳುತ್ತಾರೆ.

ಡಾಕ್ಟರನ ಅಕ್ಕ ಗುರುಬಸವ್ವ ದೇಗಾಂವದಲ್ಲಿ ಆಕಳು ಕಟ್ಟಿಕೊಂಡಿದ್ದಳು. ಭರಮಪ್ಪ ಕೊಡೆ ತೆಗೆದುಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೊರಟ.

* * *

ಕಿತ್ತೂರಲ್ಲಿ ಬಸ್ಸಿಳಿದು ದೇಗಾಂವ ಮುಟ್ಟುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಕಮಲನಾರಾಯಣನ ಗುಡಿಯ ಮುಂದೆ ಭರಮಪ್ಪ ಚಪ್ಪಲಿ ಬಿಟ್ಟು ಕೈಮುಗಿದ. ಬೇಡಲು ಏನೂ ನೆನಪಾಗಲಿಲ್ಲ. ಮತ್ತೆ ಚಪ್ಪಲಿ ಮೆಟ್ಟಿಕೊಂಡ.

ಗುರುಬಸವ್ವ ಅಂಗಳದಲ್ಲಿ ಕರುವಿಗೆ ನೀರು ಕುಡಿಸುತ್ತಿದ್ದಳು. ತಮ್ಮನ ಸಾವಿನಿಂದ ಬಾಡಿದ ಮುಖ. ದನಿ ಮಾತ್ರ ಬಾಡಿರಲಿಲ್ಲ. ಅವನು ಹೇಳಿದ್ದೆಲ್ಲ ಕೇಳಿ ಬಕೆಟ್ಟನ್ನು ಠಪ್ಪೆಂದು ಇಟ್ಟಳು.

"ನೆತ್ತರ ಅಂದ್ನಾ? ನಿಮ್ಮ ಕಾರ್ಯದರ್ಶಿ ಒಂದು ದಿನಾರ ಒಲಿ ಮುಂದ ಕುಂತಾನೇನ್ರಿ? ಗಿಣ್ಣ ಕಾಸಿದರ ಗಟ್ಟಿ ಆಗದ ನೀರಾಗತೈತೇನು?"

"ಗಿಣ್ಣ ದಪ್ಪಗ ಇರತೈತಿ ಅಕ್ಕಾರ. ಇದು ತಿಳಿ ಐತಿ."

"ತಿಳೀನ. ನಿಂಬಿಹಣ್ಣು ಹಿಂಡಿ ಒಡಿಸಿ, ಒಗೆದ ಧೋತರದಾಗ ಎರಡು ಸರ್ತಿ ಸೋಸಿ, ಕುದಿಸಿದ ಶೀಸೇಕ ಹಾಕಬೇಕು ಅಂತ ನಮ್ಮ ತಮ್ಮನ ಕಲಿಸಿದ್ದ. ಕರುವಿನ ಪಾಲು ಕರುವಿಗೆ ಬಿಟ್ಟ ಮ್ಯಾಲ ಉಳಿದದ್ದು ಅಷ್ಟ. 'ಅಕ್ಕಾ, ನೆತ್ತರದಾಗ ಇರೂ ಸತ್ವ ಗಿಣ್ಣದಾಗೂ ಐತಿ, ಇದಕ ಯಾರ ಜೀವಾನೂ ತಗೀಬೇಕಿಲ್ಲ' ಅಂತ ಕುಣದಾಡಿದ್ದ ಸಣ್ಣ ಹುಡುಗರಂಗ."

"ಮತ್ತ ಇದ್ದಲಿ?"

ಗುರುಬಸವ್ವ ಮೊದಲ ಬಾರಿಗೆ ತುಸು ನಾಚಿದಳು. "ಅದಕ ಆ ಖೈರು ಪ್ರತಿ ಸರ್ತಿ ಜಗಳ ತಗೀತಾಳ. 'ಅವ್ವಾರ, ಕುದಿಸಿದ ಶೀಸೇದಾಗ ಒಲಿ ಇದ್ದಲಿ ಹಾಕತೀರಲ್ರಿ, ಮತ್ತ ಸೋಸಬೇಕು ನಾನು' ಅಂತಾಳ. ಏನು ಮಾಡ್ಲಿ? ಗಿಣ್ಣ ಮನಿ ಹೊರಗ ಹೊಂಟಿತು ಅಂದರ ಕೈ ತಾನ ಒಲೀಗೆ ಹೋಗತೈತಿ."

"ಈ ಶೀಸೆ ಯಾವಾಗ ಒಯ್ದಳು ಆಕಿ?"

"ಗೌರಿ ಆಕಳಾ ಈದು ಎಂಟು ದಿನ ಆತಲ್ಲ, ಅದರ ಮರುದಿನ."

ಭರಮಪ್ಪ ಕರುವಿನ ಬೆನ್ನ ಮೇಲಿಟ್ಟಿದ್ದ ಕೈಯನ್ನು ಹಿಂದಕ್ಕೆ ತೆಗೆದ. ಡಾಕ್ಟರ ಸತ್ತು ಮೂರು ವಾರ. ಬಾಟಲಿಗಳನ್ನೆಲ್ಲ ಕುದಿಸಿ ಚೆಲ್ಲಿಯೂ ಮೂರು ವಾರ.

"ತಮ್ಮ ಇಲ್ಲದ ಮ್ಯಾಲೂ ಯಾಕ ಕೊಟ್ಟಿರಿ ಅಕ್ಕಾರ?"

"ಆಕಿ ಬಂದು ಬಾಗಲಾಗ ನಿಂತು, 'ಅವ್ವಾರ, ಇದೊಂದು ಸರ್ತಿ' ಅಂದ್ಲು. ಅತ್ತಿದ್ಲು ಕಾಣಸತೈತಿ. ನಾನೂ ಅತ್ತಿದ್ದೆ. ಇಬ್ಬರೂ ಏನೂ ಕೇಳಲಿಲ್ಲ."

ಅವಳು ಅವನ ಹಿಂದೆಯೇ ಊರ ಅಗಸೆಬಾಗಿಲ ತನಕ ಬಂದಳು. "ಫೌಜದಾರ್ರ, ನಮ್ಮ ತಮ್ಮ ನೆತ್ತರಾ ಮುಟ್ಟಿಲ್ಲ ಅಂತ ಬರದುಬಿಡ್ರಿ. ಅಷ್ಟಾದರ ಸಾಕು. ಆ ಹೆಣ್ಮಗಳನ್ನೂ ಬಿಡಿಸ್ರಿ. ಹಾಲಿಗೆ ಹೋಗಿ ಜೇಲಾದರ ಹೆಂಗ?"

* * *

ತಿರುಗಿ ಬರುವಾಗ ಬಸ್ಸಿನ ಕಿಟಕಿಗೆ ತಲೆ ಆನಿಸಿ ಭರಮಪ್ಪ ಒಂದೇ ಲೆಕ್ಕ ಹಾಕಿದ. ಗಿಣ್ಣ ಎಂದು ಹೇಳಿದ್ದರೆ ಖೈರುನಬಿಯ ಮೇಲಿನ ಆರೋಪ ಬೆಳಿಗ್ಗೆಯೇ ಬಿದ್ದುಹೋಗುತ್ತಿತ್ತು. ಹೇಳಲಿಲ್ಲ. ನೆತ್ತರು ತಂದವಳೆಂಬ ಹೆಸರು ಹೊತ್ತು ಠಾಣೆಗೆ ಹೋಗಲು ಸಿದ್ಧಳಿದ್ದಳು, ಗಿಣ್ಣ ಎನ್ನಲು ಮಾತ್ರ ಸಿದ್ಧಳಿರಲಿಲ್ಲ.

ನಾಲ್ಕೂವರೆಗೆ ಅವನು ಕೋಣೆ ಸೇರಿದ. ಅವಳು ಗಾಜಿನ ನಳಿಗೆಗಳನ್ನು ಒರೆಸುತ್ತಿದ್ದಳು. ಎಡಗೈ ಆಗಾಗ ಸೊಂಟಕ್ಕೆ ಹೋಗಿ ಬರುತ್ತಿತ್ತು.

"ಬಾಗಿಲ ಚಿಲಕಾ ಹಾಕವ್ವಾ."

ಹಾಕಿದಳು.

"ದೇಗಾಂವಕ್ಕ ಹೋಗಿದ್ದೆ. ಗೌರಿ ಕರಾ ಬಾಳ ಚಂದ ಐತಿ."

ಖೈರುನಬಿಯ ಕೈಯಲ್ಲಿದ್ದ ಅರಿವೆ ನಿಂತಿತು.

"ಗಿಣ್ಣ ಊಟ. ಯಾರದೋ ಊಟ. ಊಟ ಐತಿ ಅಂದಮ್ಯಾಲ ಉಣ್ಣಾಂವ ಇರಬೇಕಲ್ಲವ್ವಾ? ಎಲ್ಲಾ ಬಾಟ್ಲಿ ಕುದಿಸಿ ಚೆಲ್ಲ್ಯಾರ. ಮತ್ತ ನೀ ಉಣಿಸೂದು ಯಾರಿಗೆ?"

"ಯಾರಿಗೂ ಇಲ್ರಿ."

"ಕರೆ ಹೇಳು."

"ಅಲ್ಲಾನ ಆಣಿ ಹಾಕಿ ಸುಳ್ಳು ಹೇಳಾಕ ಬರೂದಿಲ್ರಿ ನನಗ. ಅದಕ ಆಣಿ ಹಾಕಂಗಿಲ್ಲ," ಎಂದಳು. ಕಣ್ಣು ತುಂಬಿದ್ದವು. "ನೆತ್ತರ ತಂದೆ ಅಂತನ ಬರೀರಿ ಸಾಹೇಬ್ರ. ಒಯ್ಯಲಿ. ಎಷ್ಟು ದಿನ ಇಡತಾರ?"

"ಠಾಣೇದಾಗ ಹೆಣ್ಣು ಜಮಾದಾರಳು ಮೈ ತಡವತಾಳ. ಸೊಂಟಾನೂ ತಡವತಾಳ."

ಅವನು ಅದನ್ನು ಗದರಿಸಿ ಹೇಳಲಿಲ್ಲ. ದಣಿದ ದನಿಯಲ್ಲಿ, ನಾಳೆ ಮಳೆ ಬಂದೀತು ಎಂಬ ಹಾಗೆ ಹೇಳಿದ. ಖೈರುನಬಿಯ ಎಡಗೈ ಸೊಂಟಕ್ಕೆ ಹೋಗಿ ಬಿಗಿಯಾಯಿತು. ಹೊರಗೆ ಔಷಧದ ಸಾಲಿನಲ್ಲಿ ಯಾರೋ ಕೆಮ್ಮುತ್ತಿದ್ದರು.

ಅವಳು ಗೋಡೆಯ ಕಡೆ ತಿರುಗಿದಳು. ಸೆರಗಿನೊಳಗೆ ಗಂಟು ಬಿಚ್ಚಿದ ಸದ್ದು. ತಿರುಗಿದಾಗ ಎರಡೂ ಕೈಯಲ್ಲಿ ಅಂಗೈ ಅಗಲದ ಒಂದು ಚಪ್ಪಟೆ ಗಾಜಿನ ಬಾಟಲಿ ಇತ್ತು. ಮೆತ್ತನೆ ಹಳೆಯ ಅರಿವೆ ಸುತ್ತಿತ್ತು. ಕುತ್ತಿಗೆಯ ತನಕ ಗುಲಾಬಿ ಬಣ್ಣದ ನೀರು.

"ಮೈ ಶಾಖ ಬೇಕ್ರಿ ಇದಕ್ಕ. ಬಿಸಿ ಪೆಟಗಿ ಮುಚ್ಚಿಬಿಟ್ಟರಲ್ಲ, ಎಲ್ಲಿಡ್ಲಿ? ಇಪ್ಪತ್ತೊಂದು ದಿನ ಆತು. ಮಲಗೂವಾಗ ಮಗ್ಗಲಾ ಬದಲಿಸಿಲ್ರಿ ನಾ."

ಸೂಕ್ಷ್ಮದರ್ಶಕದ ಕೆಳಗೆ ಅವಳು ಬಾಟಲಿಯನ್ನು ಬೋರಲು ಮಾಡಿ ಇಟ್ಟಳು. ಕನ್ನಡಿ ತಿರುವಿ ಬೆಳಕು ಹಿಡಿದಳು. "ನೋಡ್ರಿ. ಲಗೂ ನೋಡ್ರಿ, ಥಂಡಿ ಆಗಬಾರದು."

ಭರಮಪ್ಪ ಕನ್ನಡಕ ತೆಗೆದು ಬಗ್ಗಿದ. ಮೊದಲು ಬರೀ ಬೆಳಕು. ಆಮೇಲೆ ಮಲಪ್ರಭೆಯ ತಿಳಿನೀರಿನಲ್ಲಿ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತ ಮೀನಮರಿಗಳ ಸಾಲಿನಂತೆ, ನೀಳವಾದ, ತುದಿ ಚೂಪಾದ ನೂರಾರು ಕಣಗಳು. ಒಂದಕ್ಕೊಂದು ಒರಗಿಕೊಂಡು ಗಾಜಿನ ತುಂಬ ಹಬ್ಬಿದ್ದವು.

"ಜೀವ ಐತೇನು?"

"ಐತ್ರಿ. ವಾರಕ್ಕೊಮ್ಮಿ ಎರಡರಷ್ಟು ಆಗತಾವ. ಮೊದಲಿಗೆ ಬ್ಯಾರೆಯವರದ್ದೆಲ್ಲಾ ನೆತ್ತರಿಲ್ಲಂತ ಸತ್ತು ಹೋದವ್ರಿ. ಗಿಣ್ಣಕ್ಕ ಮೊದಲು ಕಣ್ಣು ಬಿಟ್ಟದ್ದು ಇವ. ಡಾಕ್ಟರ್ ಸಾಹೇಬ್ರು ಮುಂದಿನದೆಲ್ಲಾ ಇದರಿಂದನ ಕಲತ್ರು. ಇದೊಂದು ಉಳಿದರ ಯಾರಾರ ಮುಂದ ಮಾಡ್ಯಾರು ಅಂತ..."

"ಯಾರ ಚರ್ಮ ಇದು?"

ಅವಳು ಬಾಟಲಿಯನ್ನು ಎತ್ತಿಕೊಂಡಳು. ಅದರ ಭುಜದ ಮೇಲೆ ಅಂಟಿಸಿದ ಬಿಳಿ ಪಟ್ಟಿಯ ಮೇಲೆ ಅವಳ ಹೆಬ್ಬೆರಳು ಬಂತು.

"ಬೆರಳು ತಗೀ ತಂಗಿ."

"ಬ್ಯಾಡ್ರಿ ಸಾಹೇಬ್ರ."

ಭರಮಪ್ಪ ತಾನೇ ಅವಳ ಹೆಬ್ಬೆರಳನ್ನು ಬದಿಗೆ ಸರಿಸಿದ. ಡಾಕ್ಟರನ ದುಂಡನೆಯ ಅಕ್ಷರ. ಕೃಷ್ಣವ್ವ, ರಾಮದುರ್ಗ. ಬಲ ಮುಂಗೈ.

ಅವನು ಸ್ಟೂಲಿನ ಮೇಲೆ ಕೂತ. ಕೂತದ್ದು ಅವನಿಗೆ ತಿಳಿಯಲಿಲ್ಲ. ಐದು ತಿಂಗಳ ಹಿಂದೆ ಅವನು ಆ ಕೈಯನ್ನು ಮುಟ್ಟಲೂ ಆಗಿರಲಿಲ್ಲ. ಬಿಳಿ ಅರಿವೆಯೊಳಗೆ ಮುಟ್ಟುವಂಥದ್ದು ಏನೂ ಉಳಿದಿರಲಿಲ್ಲ. ಮಣ್ಣು ಕೊಟ್ಟು ಬಂದಿದ್ದ. ಈಗ ಅದೇ ಕೈಯ ತೊಗಲು ಇನ್ನೊಬ್ಬಳ ಹೊಟ್ಟೆಯ ಶಾಖದಲ್ಲಿ, ಆಕಳ ಮೊದಲ ಹಾಲು ಕುಡಿದು, ಬೆಳೆಯುತ್ತಿತ್ತು. ಶಿವನೇ, ಎಂದ.

ಅರೆಗಳಿಗೆ ಕಳೆದ ಮೇಲೆ ಅವನ ಕಣ್ಣು ಪಟ್ಟಿಯ ಎರಡನೆಯ ಸಾಲಿಗೆ ಹೋಯಿತು. ತೆಗೆದ ದಿನ: ೩೦-೧೦-೭೮.

ಮತ್ತೊಮ್ಮೆ ಓದಿದ.

ಸ್ಟೋವು ಸಿಡಿದದ್ದು ದೀಪಾವಳಿಯ ಹಟ್ಟಿಹಬ್ಬದ ಪಾಡ್ಯದ ದಿನ. ನವೆಂಬರ್ ಒಂದು. ಆ ತಾರೀಖನ್ನು ಅವನು ಪಂಚನಾಮೆಯಲ್ಲಿ ಸ್ವತಃ ನೋಡಿದ್ದ. ಕೆಳಗೆ 'ಯಾರ ಮೇಲೂ ಸಂಶಯವಿಲ್ಲ' ಎಂಬ ಸಾಲಿನ ಪಕ್ಕದಲ್ಲಿ ತಾನೇ ಸಹಿ ಹಾಕಿದ್ದ.

"ಎರಡು ದಿನ ಮೊದಲು," ಎಂದ. "ಸುಡೂದಕ್ಕಿಂತ ಎರಡು ದಿನ ಮೊದಲು ಕೃಷ್ಣಿ ಇಲ್ಲಿ ಬಂದಿದ್ಲಾ?"

"ಒಬ್ಬಾಕೀನ ಬಂದಿದ್ಲುರಿ. ಮುಂಜಾನೆ ಬಸ್ಸಿಗೆ. ಮುಂಗೈ ಮ್ಯಾಲ ಮೂರು ಬರಿ ಇದ್ದವು, ಕಾಸಿದ ಇಕ್ಕಳದ್ದು. ಡಾಕ್ಟರು ಪಟ್ಟಿ ಕಟ್ಟಿದ್ರು. ಬಾಜೂದ ಒಳ್ಳೆ ತೊಗಲು ಒಂದು ಚೂರು ಕೇಳಿದ್ರು. 'ತಗೋರಿ, ಯಾರಿಗಾರ ಆಗಲಿ' ಅಂದ್ಲು."

"ಈ ಊರಾಗ ಬಂದು... ಮನಿ ಎರಡು ಫರ್ಲಾಂಗಿಲ್ಲ. ನಮ್ಮನಿಗೆ ಯಾಕ ಬರಲಿಲ್ಲ?"

ಖೈರುನಬಿ ಕೆಳಗೆ ನೋಡಿದಳು. "ಹ್ವಾದ ಸರ್ತಿ ಬಂದಾಗ ನೀವು ಹೊಂದಿಕೊಂಡು ಹೋಗು ಅಂತ ತಿರುಗಿ ಕಳಿಸಿದ್ರಂತ. ಅಪ್ಪಗ ಹೇಳಬ್ಯಾಡ್ರಿ ಅಂತ ನಮ್ಮಿಬ್ಬರ ಕಡೇನೂ ವಚನ ತಗೊಂಡ್ಲು."

ಅದು ನಿಜ. ಶ್ರಾವಣದಲ್ಲಿ ಅವನೇ ಅವಳನ್ನು ಬಸ್ಸು ಹತ್ತಿಸಿದ್ದ. ಕಿಟಕಿಯಿಂದ ಅವಳು ಕೈ ಹೊರಗೆ ಹಾಕಿದ್ದಳು. ಅದೇ ಬಲಗೈ.

"ಸತ್ತ ಮ್ಯಾಲಾದರೂ ಹೇಳಬಾರದಿತ್ತೇನು ತಂಗಿ?"

"ನಿಮ್ಮ ಬಾಗಲ ತನಕ ಎರಡು ಸರ್ತಿ ಬಂದಿದ್ನಿರಿ. ಆಮ್ಯಾಲ ಡಾಕ್ಟರು ಅಂದ್ರು, 'ಪಂಚನಾಮೇಕ ಅಪ್ಪನ ಸಹಿ ಐತಿ, ಅವರಿಗೆ ಎಲ್ಲಾ ಗೊತ್ತಿರಬೇಕು.' ನಾನೂ ಹಂಗ ತಿಳಕೊಂಡ್ನಿ."

ಭರಮಪ್ಪ ಕಣ್ಣು ಮುಚ್ಚಿದ. ನಲವತ್ತು ವರ್ಷದ ಚಾಕರಿಯಲ್ಲಿ ಎಷ್ಟೋ ಜನರ ಮುಖಕ್ಕೆ ಕಠಿಣ ಮಾತು ಹೇಳಿದ್ದ. ಇಷ್ಟು ಮೆಲ್ಲಗೆ ಇಷ್ಟು ಕಠಿಣ ಮಾತು ಅವನಿಗೆ ಯಾರೂ ಹೇಳಿರಲಿಲ್ಲ.

"ಬರಿ ಎಳೆದವರು ಯಾರಂತ ಹೇಳಿದ್ಲೇನು? ಗಂಡ?"

"ಡಾಕ್ಟರೂ ಹಂಗ ಕೇಳಿದ್ರು. ಅಲ್ಲ ಅಂದ್ಲು. ಗಂಡ ಅಡ್ಡ ಬಂದಿದ್ದಂತ, ಅವನನ್ನೂ ದೂಡಿದ್ರಂತ. ಬ್ಯಾರೆ ಹೆಸರು ಹೇಳಿದ್ಲುರಿ. ಅದು..."

ಹೊರಗೆ ಪಡಸಾಲೆಯಲ್ಲಿ ಚಪ್ಪಲಿ ಸದ್ದಾಯಿತು. ಬಾಗಿಲು ಬಡಿಯಿತು.

"ಬೀಗ್ರ! ಐದು ಹೊಡೀತು. ಹಿರಿಯರು ಕುಂತಾರ, ಠಾಣೆ ಜಮಾದಾರನೂ ಬಂದಾನ. ಚಿಲಕಾ ಯಾಕ ಹಾಕೀರಿ?"

ಖೈರುನಬಿಯ ಮುಖದ ಬಣ್ಣ ಇಳಿಯಿತು. ಸೆರಗಿನ ತುದಿ ಬಾಯಿಗೆ ಹೋಯಿತು. ಅವಳು ಬಾಗಿಲ ಕಡೆ ನೋಡಲಿಲ್ಲ. ಭರಮಪ್ಪನನ್ನೇ ನೋಡುತ್ತ, ತೆಗೆಯಬೇಡಿ ಎಂಬಂತೆ ಮೆಲ್ಲಗೆ ತಲೆ ಅಲ್ಲಾಡಿಸಿದಳು.

ಶೀಸೆಯಲ್ಲಿದ್ದದ್ದು ಗಿಣ್ಣ ಎಂದರೆ ಉಂಡವರು ಯಾರು ಎಂದು ಕೇಳುತ್ತಾರೆ. ಈ ಬಾಟಲಿ ಹಂಡೆಗೆ ಹೋಗುತ್ತದೆ, ಆ ತಾರೀಖೂ ಅದರ ಜೊತೆ ಕುದಿಯುತ್ತದೆ. ನೆತ್ತರು ಎಂದರೆ ಈ ಹೆಣ್ಣುಮಗಳು ಠಾಣೆಗೆ ಹೋಗುತ್ತಾಳೆ. ಕೃಷ್ಣವ್ವ ಹೇಳಿದ ಹೆಸರು ಬಲ್ಲವರು ಹೊರಗೆ ಉಳಿಯುವುದಿಲ್ಲ.

ಬೆಳಿಗ್ಗೆ ದಣಿವಿನಲ್ಲಿ ಕೇಳಿಕೊಳ್ಳದಿದ್ದ ಪ್ರಶ್ನೆಯೊಂದು ಈಗ ಬಂತು. ಊರಲ್ಲಿ ಇಷ್ಟು ಮಂದಿ ಇರುವಾಗ ಶಂಕ್ರೆಪ್ಪ ತನ್ನನ್ನೇ ಏಕೆ ಕರೆದ? ಉತ್ತರಕ್ಕೆ ಹುಡುಕಬೇಕಾಗಲಿಲ್ಲ. ಒಮ್ಮೆ ನೋಡದೆ ಸಹಿ ಹಾಕಿದವನು ಮತ್ತೊಮ್ಮೆಯೂ ಹಾಕುತ್ತಾನೆಂಬುದು ಶಂಕ್ರೆಪ್ಪನ ಲೆಕ್ಕ.

"ಥಂಡಿ ಆಗತೈತ್ರಿ," ಎಂದಳು ಖೈರುನಬಿ, ಉಸಿರಿನಲ್ಲೇ.

ಭರಮಪ್ಪ ಅಂಗಿಯ ಎರಡು ಗುಂಡಿ ಬಿಚ್ಚಿದ. ಲಿಂಗದ ಕರಡಿಗೆಯನ್ನು ತುಸು ಬದಿಗೆ ಸರಿಸಿ, ಬಾಟಲಿಯನ್ನು ಎದೆಗೆ ಒತ್ತಿ ಇಟ್ಟುಕೊಂಡು, ಗುಂಡಿ ಹಾಕಿದ. ಗಾಜು ಇನ್ನೂ ಬೆಚ್ಚಗಿತ್ತು.

ಮೇಜಿನ ಮೇಲಿನ ಖಾಲಿ ಕಾಗದವನ್ನು ಕೈಗೆ ತೆಗೆದುಕೊಂಡು ಅವನು ಬಾಗಿಲಿಗೆ ಹೋದ.

"ಬಂದ್ನಿ ಬೀಗ್ರ," ಎಂದ, ಬೆಳಗಿನ ಅದೇ ದಣಿದ ದನಿಯಲ್ಲಿ. "ಸಹಿ ಒಂದು ಬಾಕಿ ಐತಿ."

ಮತ್ತು ಚಿಲಕ ತೆಗೆದ.